ನೂರಿಪ್ಪತ್ತೈದು ಡಾಲರಿಗೆ ಹಾಡಿದ ಜವಾಬು

ಹಾಡುವುದು ಸಾಕು, ಇನ್ನು ಮನೆ ನೋಡಿಕೊಂಡಿದ್ದರಾಯಿತು ಎಂದು ಆಕೆ ಹೆಚ್ಚುಕಡಿಮೆ ತೀರ್ಮಾನಿಸಿಯಾಗಿತ್ತು. ವಯಸ್ಸು 32. ಮೂರು ಮಕ್ಕಳು. ಗಂಡ ಊರೂರು ಸುತ್ತಿ ಹಾಡಿ ಸಂಸಾರ ತೂಗಿಸುವವ. ಎರಡು ಮೂರು ವರ್ಷಗಳ ಹಿಂದೆ ಆರ್‌ಸಿಎ ವಿಕ್ಟರ್ ಕಂಪೆನಿ ಆಕೆಯಿಂದ ಕೆಲವು ಹಾಡುಗಳನ್ನು ಹಾಡಿಸಿ ಗಾನಮುದ್ರಿಕೆ ತಂದಿತ್ತು. ಒಂದೂ ಓಡಲಿಲ್ಲ. ಕಂಪೆನಿ ಮತ್ತೆ ಕರೆಯಲಿಲ್ಲ. ಹೀಗಿರುವಾಗ ಡೆಕ್ಕಾ ಕಂಪೆನಿಯ ಪಾಲ್ ಕೋಹೆನ್ ಒಂದು ಹಾಡು ಮುಂದಿಟ್ಟ. ಹಾಡು ಆಕೆಗೆ ಅಷ್ಟೇನೂ ಹಿಡಿಸಲಿಲ್ಲ. ಗೆಲ್ಲುತ್ತದೆಂಬ ಆಸೆಯೂ ಇರಲಿಲ್ಲ. ಆದರೆ ಸ್ಟುಡಿಯೊಕ್ಕೆ ಹೋಗಿ ಹಾಡಿ ಬಂದರೆ ಸಂಗೀತಗಾರರ ಸಂಘ ಗೊತ್ತುಮಾಡಿದ್ದ 125 ಡಾಲರ್ ಸಂಭಾವನೆ ಖಾತ್ರಿ ಇತ್ತು. ಮೂರು ಮಕ್ಕಳ ಮನೆಗೆ ಅದೇನು ಸಣ್ಣ ಮೊತ್ತವಲ್ಲ. ಆಕೆ ಒಪ್ಪಿದಳು.

1952ರ ಮೇ 3ರಂದು ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಧ್ವನಿಮುದ್ರಣ ಮುಗಿಯಿತು. ಆಗಸ್ಟ್ 23ರ ಹೊತ್ತಿಗೆ ಆ ಹಾಡು 'ಬಿಲ್‌ಬೋರ್ಡ್' ಪತ್ರಿಕೆಯ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು! 1944ರಲ್ಲಿ ಆ ಪತ್ರಿಕೆ ಇಂಥ ಪಟ್ಟಿ ಪ್ರಕಟಿಸಲು ಆರಂಭಿಸಿದ ಮೇಲೆ ಒಬ್ಬಂಟಿ ಗಾಯಕಿಯೊಬ್ಬಳ ಹಾಡು ಆ ಜಾಗಕ್ಕೆ ಏರಿದ್ದು ಅದೇ ಮೊದಲು. ಗಾಯಕಿಯ ಹೆಸರು ಕಿಟ್ಟಿ ವೆಲ್ಸ್. ಹಾಡಿನ ಹೆಸರು ಉದ್ದ: 'ಇಟ್ ವಾಸಂಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜಲ್ಸ್'. ಹೆಂಡದಂಗಡಿಯ ಅಪ್ಸರೆಯರನ್ನು ಮಾಡಿದವನು ದೇವರಲ್ಲ ಎಂದು ಕನ್ನಡದಲ್ಲಿ ಹೇಳಬಹುದೇನೋ. ದೇವರಲ್ಲದಿದ್ದರೆ ಮತ್ತೆ ಯಾರು? ಹಾಡು ಇರುವುದೇ ಆ ಪ್ರಶ್ನೆಗೆ ಉತ್ತರ ಹೇಳಲು.

ಊರಾಚೆಯ ಅಂಗಡಿ

'ಹಾಂಕಿ ಟಾಂಕ್' ಎಂಬ ಪದ ಎಲ್ಲಿಂದ ಬಂತೆಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಅದು ಏನೆಂಬುದರಲ್ಲಿ ಮಾತ್ರ ಜಗಳವಿಲ್ಲ. ಅಮೆರಿಕದಲ್ಲಿ 1920ರಿಂದ ಜಾರಿಯಲ್ಲಿದ್ದ ಪಾನನಿಷೇಧ 1933ರಲ್ಲಿ ತೆರವಾಯಿತು. ದಕ್ಷಿಣದ ರಾಜ್ಯಗಳಲ್ಲಿ, ಅದರಲ್ಲೂ ಟೆಕ್ಸಾಸ್‌ನ ತೈಲಬಾವಿಗಳ ಸುತ್ತಮುತ್ತ, ಊರ ಅಂಚಿನಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಅಗ್ಗದ ಮದ್ಯದಂಗಡಿಗಳು ಎದ್ದವು. ಒಂದು ಉದ್ದನೆಯ ಕೋಣೆ, ನಾಲ್ಕಾರು ಮೇಜು, ಕುಣಿಯಲು ಒಂದಿಷ್ಟು ಖಾಲಿ ಜಾಗ, ಮೂಲೆಯಲ್ಲೊಂದು ಜ್ಯೂಕ್‌ಬಾಕ್ಸ್. ನಾಣ್ಯ ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡನ್ನು ತಾನೇ ತಿರುಗಿಸಿ ಕೇಳಿಸುವ ಪೆಟ್ಟಿಗೆ ಅದು. ವಾರವಿಡೀ ಮೈಮುರಿದು ದುಡಿದ ಕೂಲಿಕಾರ, ಲಾರಿ ಚಾಲಕ, ಗಿರಣಿ ಕಾರ್ಮಿಕ ಶನಿವಾರದ ರಾತ್ರಿ ಬಂದು ಸೇರುತ್ತಿದ್ದುದು ಇಲ್ಲಿಗೆ.

ಈ ಅಂಗಡಿಗಳು ಸಂಗೀತದ ಸ್ವರೂಪವನ್ನೇ ಬದಲಾಯಿಸಿದವು. ಅದುವರೆಗೆ ದಕ್ಷಿಣದ ಬಿಳಿಯ ಬಡವರ ಹಾಡೆಂದರೆ ಮನೆ ಜಗಲಿಯದ್ದು, ಚರ್ಚಿನದ್ದು. ತಾಯಿ, ಹುಟ್ಟೂರು, ಗುಡ್ಡದ ಮೇಲಿನ ಪುಟ್ಟ ಮನೆ, ಸ್ವರ್ಗದ ದಾರಿ ಇವೇ ಅದರ ವಸ್ತು. ಕುಡಿದವರ ಗದ್ದಲದ ನಡುವೆ ಜಗಲಿ ಹಾಡು ಯಾರಿಗೆ ಕೇಳಿಸೀತು? ಎರ್ನೆಸ್ಟ್ ಟಬ್ ಎಂಬ ಗಾಯಕನಿಗೆ ಜ್ಯೂಕ್‌ಬಾಕ್ಸ್ ನಡೆಸುವವರಿಂದ ಇದೇ ದೂರು ಬಂದಿತ್ತು. ಅಂಗಡಿ ತುಂಬಿದ ಮೇಲೆ ನಿಮ್ಮ ಹಾಡು ಕೇಳಿಸುವುದೇ ಇಲ್ಲ ಎಂದು. 1941ರಲ್ಲಿ ಆತ ವಿದ್ಯುತ್ ಗಿಟಾರ್ ಸೇರಿಸಿ ಹಾಡಿದ 'ವಾಕಿಂಗ್ ದ ಫ್ಲೋರ್ ಓವರ್ ಯು' ಭರ್ಜರಿಯಾಗಿ ಓಡಿತು. ಅಲ್ಲಿಂದ ಮುಂದೆ ಗಿಟಾರಿಗೆ ವಿದ್ಯುತ್ ಬಂತು, ಅಳುವಂತೆ ಜಾರುವ ಸ್ಟೀಲ್ ಗಿಟಾರ್ ಮುಂದಕ್ಕೆ ಬಂತು, ತಾಳ ಗಟ್ಟಿಯಾಯಿತು. ಹಾಡಿನ ವಸ್ತುವೂ ಮದ್ಯದಂಗಡಿಗೆ ತಕ್ಕಂತೆ ಬದಲಾಯಿತು. ಕುಡಿತ, ಒಂಟಿತನ, ಓಡಿಹೋದ ಹೆಂಡತಿ, ಕದ್ದ ಸುಖ.

ಯುದ್ಧ ಈ ಬದಲಾವಣೆಯನ್ನು ಇನ್ನಷ್ಟು ಬೇಗಗೊಳಿಸಿತು. ಎರಡನೇ ಮಹಾಯುದ್ಧದಲ್ಲಿ ಗಂಡಸರು ಸೇನೆಗೆ ಹೋದಾಗ ಲಕ್ಷಾಂತರ ಹೆಂಗಸರು ಕಾರ್ಖಾನೆಗೆ ಬಂದರು. ವಿಮಾನಕ್ಕೆ ರಿವೆಟ್ ಹೊಡೆದರು, ಸ್ವಂತ ಸಂಬಳ ಎಣಿಸಿದರು, ದುಡಿದು ದಣಿದ ರಾತ್ರಿ ಗೆಳತಿಯರ ಜತೆ ಹೊರಗೆ ಹೋಗುವುದನ್ನೂ ಕಲಿತರು. 1945ರಲ್ಲಿ ಗಂಡಸರು ಹಿಂತಿರುಗಿದಾಗ ಅವರಿಗೆ ಕಂಡದ್ದು ಬಿಟ್ಟುಹೋದ ಹೆಂಡತಿಯಲ್ಲ. ಅವಸರದಲ್ಲಿ ಆಗಿದ್ದ ಯುದ್ಧಕಾಲದ ಮದುವೆಗಳು ಅಷ್ಟೇ ಅವಸರದಲ್ಲಿ ಮುರಿದವು. 1946ರಲ್ಲಿ ಅಮೆರಿಕದ ವಿವಾಹ ವಿಚ್ಛೇದನಗಳ ಸಂಖ್ಯೆ 6 ಲಕ್ಷ ಮೀರಿತು. ಅಂಥದ್ದನ್ನು ಆ ದೇಶ ಅದುವರೆಗೆ ಕಂಡಿರಲಿಲ್ಲ. ತಪ್ಪು ಯಾರದು? ಪಾದ್ರಿಗಳು, ಪತ್ರಿಕೆಗಳು ತಮಗೆ ತೋಚಿದ ಉತ್ತರ ಕೊಡುತ್ತಿದ್ದಾಗ ಜ್ಯೂಕ್‌ಬಾಕ್ಸ್ ಕೂಡ ಒಂದು ಉತ್ತರ ಕೊಟ್ಟಿತು. ತಪ್ಪು ಹೆಣ್ಣಿನದು!

ಗಂಡಿನ ದೂರು

ಆ ಉತ್ತರವನ್ನು ಎಲ್ಲರಿಗಿಂತ ಸೊಗಸಾಗಿ ಹಾಡಿದವನು ಟೆಕ್ಸಾಸ್‌ನ ಹ್ಯಾಂಕ್ ಥಾಂಪ್ಸನ್. ಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದವನು. ವಿಲಿಯಂ ವಾರೆನ್ ಮತ್ತು ಆರ್ಲಿ ಕಾರ್ಟರ್ ಎಂಬಿಬ್ಬರು ಬರೆದ 'ದ ವೈಲ್ಡ್ ಸೈಡ್ ಆಫ್ ಲೈಫ್' ಹಾಡನ್ನು ಆತ ಕ್ಯಾಪಿಟಲ್ ಕಂಪೆನಿಗೆ ಹಾಡಿಕೊಟ್ಟ. 1952ರಲ್ಲಿ ಅದು ಕಂಟ್ರಿ ಪಟ್ಟಿಯ ನೆತ್ತಿಯ ಮೇಲೆ ಒಟ್ಟು 15 ವಾರ ಕೂತಿತ್ತು. ಬಿಟ್ಟುಹೋದ ಹೆಂಡತಿಗೆ ಗಂಡನೊಬ್ಬ ಬರೆದ ಓಲೆಯ ಧಾಟಿ ಅದರದ್ದು. ದೀಪದ ಬೆಳಕಿಗೆ, ಮದ್ಯದ ಅಮಲಿಗೆ, ರಾತ್ರಿಯ ಬದುಕಿನ ಥಳಕಿಗೆ ಮರುಳಾಗಿ ತನ್ನ ಪ್ರೀತಿಯನ್ನು ಒದ್ದು ಹೋದಳೆಂದು ಆತನ ಗೋಳು. ಇಂಥ ಹೆಣ್ಣುಗಳು ಭೂಮಿಯ ಮೇಲೆ ಇರುವುದರ ಲೆಕ್ಕವನ್ನು ಆತ ಕೊನೆಗೆ ಸೃಷ್ಟಿಕರ್ತನ ಖಾತೆಗೇ ಬರೆದುಬಿಡುತ್ತಾನೆ. ತನ್ನ ಖಾತೆಯಲ್ಲಿ ಮಾತ್ರ ಏನೂ ಇಲ್ಲ.

ಅಂದ ಹಾಗೆ, ಆ ಹಾಡಿನ ಮಟ್ಟು ಹೊಸದೇನಲ್ಲ. ವರ್ಜೀನಿಯದ ಕಾರ್ಟರ್ ಕುಟುಂಬದವರು 1929ರಲ್ಲಿ ಹಾಡಿ ಮುದ್ರಿಸಿದ್ದ 'ಅಯಾಮ್ ಥಿಂಕಿಂಗ್ ಟುನೈಟ್ ಆಫ್ ಮೈ ಬ್ಲೂ ಐಸ್' ಎಂಬ ವಿರಹಗೀತೆಯದೇ ಈ ಮಟ್ಟು. 1936ರಲ್ಲಿ ರಾಯ್ ಏಕಫ್ ಇದೇ ಮಟ್ಟಿನಲ್ಲಿ 'ದ ಗ್ರೇಟ್ ಸ್ಪೆಕಲ್ಡ್ ಬರ್ಡ್' ಎಂಬ ಭಕ್ತಿಗೀತೆ ಹಾಡಿ ಹೆಸರು ಮಾಡಿದ. ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಬರುವ ಚುಕ್ಕೆಹಕ್ಕಿಯ ರೂಪಕ ಅದರದ್ದು. ಒಂದೇ ಮಟ್ಟು ಒಮ್ಮೆ ಪ್ರಿಯತಮೆಗೆ, ಒಮ್ಮೆ ದೇವರಿಗೆ, ಒಮ್ಮೆ ಹೆಂಡದಂಗಡಿಗೆ! ದಕ್ಷಿಣದ ಹಳ್ಳಿಗರಿಗೆ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಚರ್ಚಿನಲ್ಲಿ ಹಾಡಿದ ಬಾಯಿಗೆ ಹಾಂಕಿ ಟಾಂಕಿನಲ್ಲೂ ಮಟ್ಟು ಕೂಡಲೇ ಕೂಡಿಕೊಂಡಿತು.

ಲೂಸಿಯಾನ ರಾಜ್ಯದ ಕ್ರೌಲಿ ಎಂಬ ಸಣ್ಣ ಪಟ್ಟಣದಲ್ಲಿ ಜೆ.ಡಿ. ಮಿಲ್ಲರ್ ಎಂಬುವವನಿದ್ದ. ಸ್ವಂತ ಸ್ಟುಡಿಯೊ, 'ಫೀಚರ್' ಎಂಬ ಸ್ವಂತ ಲೇಬಲ್ಲು. ಥಾಂಪ್ಸನ್ನನ ಹಾಡು ಕೇಳಿದ ಆತ ಅದಕ್ಕೆ ಹೆಣ್ಣಿನ ಬಾಯಿಂದ ಒಂದು ಜವಾಬು ಬರೆದ. ಅದೇ ಮಟ್ಟು, ಅದೇ ಮದ್ಯದಂಗಡಿ. ಮೊದಲು ಅದನ್ನು ಹಾಡಿದವಳು ಅಲ್ ಮಾಂಟ್‌ಗೊಮರಿ ಎಂಬ ಗಾಯಕಿ, ಮಿಲ್ಲರನದೇ ಲೇಬಲ್ಲಿಗೆ. ಆಗ ಶೀರ್ಷಿಕೆಯಲ್ಲಿ ಒಂದು ಪ್ರಶ್ನೆ ಇತ್ತು: ಈ ಹೆಣ್ಣುಗಳನ್ನು ದೇವರು ಮಾಡಿದನೆ? ಡೆಕ್ಕಾ ಕಂಪೆನಿಗೆ ಬರುವ ಹೊತ್ತಿಗೆ ಪ್ರಶ್ನೆ ಹೋಗಿ ಖಡಾಖಂಡಿತ ಹೇಳಿಕೆ ಬಂದಿತ್ತು.

ಹಾಡಿನಲ್ಲಿ ಆಗುವುದು ಇಷ್ಟೆ. ಒಬ್ಬ ಹೆಂಗಸು ಮದ್ಯದಂಗಡಿಯಲ್ಲಿ ಕೂತಿದ್ದಾಳೆ. ಜ್ಯೂಕ್‌ಬಾಕ್ಸಿನಲ್ಲಿ ಯಾರೋ ನಾಣ್ಯ ಹಾಕಿದ್ದಾರೆ. ಬರುತ್ತಿರುವುದು ಥಾಂಪ್ಸನ್ನನ ಅದೇ ಹಾಡು! ಕೇಳುತ್ತ ಕೇಳುತ್ತ ಆಕೆಗೆ ತಾನೂ ಗಂಡನನ್ನು ನಂಬಿದ್ದ ಹೆಂಡತಿಯಾಗಿದ್ದ ದಿನಗಳು ನೆನಪಾಗುತ್ತವೆ. ತಪ್ಪೆಲ್ಲ ಹೆಂಗಸರದೇ ಎಂದು ಹಾಡುವುದು ಸುಳ್ಳು. ಮದುವೆಯಾಗಿಯೂ ಬ್ರಹ್ಮಚಾರಿಗಳಂತೆ ಸುತ್ತುವ ಗಂಡಸರೇ ಒಳ್ಳೆಯ ಹೆಣ್ಣುಗಳು ದಾರಿ ತಪ್ಪಲು ಕಾರಣ ಎಂಬುದು ಆಕೆಯ ವಾದ. ಬೈಗುಳವಿಲ್ಲ, ಶಾಪವಿಲ್ಲ. ತಾನು ಸಾಧ್ವಿ ಎಂದೂ ಆಕೆ ಹೇಳಿಕೊಳ್ಳುವುದಿಲ್ಲ. ಹೇಳುವುದಿಷ್ಟೇ, ಲೆಕ್ಕದ ಇನ್ನೊಂದು ಪುಟವನ್ನೂ ನೋಡಿ.

ಗೀಗೀ ಮೇಳದ ಸವಾಲ್-ಜವಾಬು ಕೇಳಿದವರಿಗೆ ಈ ಉಪಾಯ ಹೊಸದೆನಿಸದು. ಅಮೆರಿಕದ ಗಾನಮುದ್ರಿಕೆ ವ್ಯಾಪಾರದಲ್ಲಿ ಇದಕ್ಕೆ 'ಆನ್ಸರ್ ಸಾಂಗ್' ಎಂದೇ ಹೆಸರು. ಒಂದು ಹಾಡು ಗೆದ್ದರೆ ಸಾಕು, ಅದರ ಬೆನ್ನಿಗೆ ಜವಾಬಿನ ಹಾಡು ಬರಬೇಕು. ಗೆದ್ದ ಕುದುರೆಯ ಬಾಲ ಹಿಡಿದು ನಾಲ್ಕು ಕಾಸು ಮಾಡಿಕೊಳ್ಳುವ ಉಪಾಯ ಅಷ್ಟೆ. ಬಹುಪಾಲು ಜವಾಬುಗಳು ಎರಡು ತಿಂಗಳು ಬದುಕಿದರೆ ಹೆಚ್ಚು. ಕಿಟ್ಟಿ ವೆಲ್ಸ್‌ಳಿಂದ ಹಾಡಿಸಿದವರಿಗೂ ಇದಕ್ಕಿಂತ ದೊಡ್ಡ ಉದ್ದೇಶವಿತ್ತೆಂದು ನಂಬಲು ಕಾರಣವಿಲ್ಲ.

ಇಸ್ತ್ರಿ ಕೈಯ ಗಾಯಕಿ

ಆಕೆಯ ನಿಜವಾದ ಹೆಸರು ಮ್ಯೂರಿಯಲ್ ಎಲೆನ್ ಡೀಸನ್. ಹುಟ್ಟಿದ್ದು 1919ರ ಆಗಸ್ಟ್ 30ರಂದು, ನ್ಯಾಶ್‌ವಿಲ್‌ನಲ್ಲೇ. ಕಂಟ್ರಿ ಸಂಗೀತದ ರಾಜಧಾನಿ ಎನಿಸಿಕೊಂಡ ಆ ಊರಿನಲ್ಲೇ ಹುಟ್ಟಿದ ದೊಡ್ಡ ಕಂಟ್ರಿ ಕಲಾವಿದರು ಬೆರಳೆಣಿಕೆಯಷ್ಟು. ತಂದೆ ರೈಲ್ವೆಯಲ್ಲಿ ಬ್ರೇಕ್‌ಮನ್, ಮನೆಗೆ ಬಂದರೆ ಗಿಟಾರ್ ಹಿಡಿಯುತ್ತಿದ್ದ. ತಾಯಿ ಚರ್ಚಿನ ಹಾಡು ಹಾಡುತ್ತಿದ್ದಳು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಹುಡುಗಿ ಶಾಲೆ ಬಿಟ್ಟು ಸಿದ್ಧ ಉಡುಪಿನ ಕಾರ್ಖಾನೆ ಸೇರಿ ಅಂಗಿಗಳಿಗೆ ಇಸ್ತ್ರಿ ಹಾಕಿದಳು. 1936ರಲ್ಲಿ ಅಕ್ಕತಂಗಿಯರೊಡನೆ ಸ್ಥಳೀಯ ರೇಡಿಯೊದಲ್ಲಿ ಹಾಡಿದಳು. ಮರುವರ್ಷ, ಹದಿನೆಂಟು ತುಂಬಿದ ಎರಡು ತಿಂಗಳಿಗೆ, ಜಾನಿ ರೈಟ್‌ನನ್ನು ಮದುವೆಯಾದಳು. ಆತ ಮರಗೆಲಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕನಸು ಮಾತ್ರ ಹಾಡಿನದು.

ಜಾನಿ ರೈಟ್ ತನ್ನ ಭಾವಮೈದುನ ಜ್ಯಾಕ್ ಆಂಗ್ಲಿನ್‌ನ ಜತೆ ಸೇರಿ 'ಜಾನಿ ಅಂಡ್ ಜ್ಯಾಕ್' ಎಂಬ ಜೋಡಿ ಕಟ್ಟಿದ. ಮೇಳದ ಯಜಮಾನರು ಇವರು, ಮ್ಯೂರಿಯಲ್ ನಡುನಡುವೆ ಒಂದೆರಡು ಹಾಡು ಹಾಡಿ ಹೋಗುವವಳು. ಹೆಸರು ಜನರ ಬಾಯಿಗೆ ಹೊಂದುವುದಿಲ್ಲವೆಂದು 1943ರಲ್ಲಿ ಗಂಡನೇ ಹಳೆಯ ಜನಪದ ಹಾಡೊಂದರಿಂದ 'ಕಿಟ್ಟಿ ವೆಲ್ಸ್' ಎಂಬ ಹೆಸರು ಹುಡುಕಿ ಇಟ್ಟ. 1948ರಲ್ಲಿ ಮೇಳ ಲೂಸಿಯಾನದ ಶ್ರೀವ್‌ಪೋರ್ಟಿಗೆ ಹೋಯಿತು. ಅಲ್ಲಿನ ರೇಡಿಯೊ ನಿಲಯದಲ್ಲಿ ಕಿಟ್ಟಿ 'ರ‍್ಯಾಗ್ ಡಾಲ್' ಎಂಬ ಹೆಸರಿನಲ್ಲಿ ಗಾನಮುದ್ರಿಕೆ ಕೇಳಿಸುತ್ತ, ಕೌದಿ ಹೊಲಿಯುವ ಬಟ್ಟೆ ತುಂಡುಗಳ ಜಾಹೀರಾತು ಓದುತ್ತ ಇದ್ದಳು. 1952ರ ಹೊತ್ತಿಗೆ ಜಾನಿ-ಜ್ಯಾಕ್ ಜೋಡಿಗೆ ಹೆಸರು ಬಂದು, ನ್ಯಾಶ್‌ವಿಲ್‌ನ ಪ್ರತಿಷ್ಠಿತ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೊ ಕಾರ್ಯಕ್ರಮದಲ್ಲಿ ಜಾಗ ಸಿಕ್ಕಿತ್ತು. ಕಿಟ್ಟಿಗೆ ನಿಶ್ಚಿಂತೆ. ಇನ್ನು ಮಕ್ಕಳನ್ನು ಶಾಲೆಗೆ ಕಳಿಸಿಕೊಂಡಿರಬಹುದು.

ಹಾಗೆ ಅಂದುಕೊಂಡಿದ್ದವಳು ಮೇ 3ರಂದು ಮೈಕಿನ ಮುಂದೆ ನಿಂತಳು. ಸುತ್ತ ಇದ್ದವರು ಮನೆಯವರೇ. ಗಂಡನ ಮೇಳದ ಶಾಟ್ ಜ್ಯಾಕ್ಸನ್ ಸ್ಟೀಲ್ ಗಿಟಾರ್ ನುಡಿಸಿದ, ಪಾಲ್ ವಾರೆನ್ ಪಿಟೀಲು. ಇಂದು ಆ ಮುದ್ರಿಕೆ ಕೇಳಿದರೆ ಮೊದಲು ಅಚ್ಚರಿಯಾಗುವುದು ಅದರ ನಿರುದ್ವಿಗ್ನತೆ. ಮೂಗಿನಿಂದ ಬರುವ, ಚೂರು ಒಡೆದ, ಅಲಂಕಾರವೇ ಇಲ್ಲದ ದನಿ. ಕಣ್ಣೀರು ತರಿಸುವ ಪ್ರಯತ್ನವಿಲ್ಲ, ಸವಾಲು ಹಾಕುವ ಗತ್ತೂ ಇಲ್ಲ. ಹಿತ್ತಿಲಲ್ಲಿ ನಿಂತು ಪಕ್ಕದ ಮನೆಯಾಕೆಗೆ ನಡೆದದ್ದನ್ನು ಹೇಳುವ ಧಾಟಿ. ಇದೇ ಹಾಡನ್ನು ಇನ್ನೂ ಒಳ್ಳೆಯ ಕಂಠದವರು, ಇನ್ನೂ ಭಾವಪೂರ್ಣವಾಗಿ ಆಮೇಲೆ ಹಾಡಿದ್ದಾರೆ. ಅವರ ಹಾಡಿನಲ್ಲಿ ನಮಗೆ ಗಾಯಕಿ ಕಾಣುತ್ತಾಳೆ. ಕಿಟ್ಟಿಯ ಹಾಡಿನಲ್ಲಿ ಕಾಣುವುದು ಆ ಮೇಜು, ಆ ಪೆಟ್ಟಿಗೆ, ಅಲ್ಲಿ ಕೂತ ಹೆಂಗಸು. ಮುದ್ರಿಕೆಯ ಇನ್ನೊಂದು ಮಗ್ಗುಲಿಗೆ ಇದ್ದ ಹಾಡಿನ ಹೆಸರೂ ಸ್ವಾರಸ್ಯವಾಗಿದೆ: ನಿನ್ನ ಹಣ ಬೇಡ, ನಿನ್ನ ಸಮಯ ಬೇಕು ಎಂದು ಅದರ ಅರ್ಥ.

ಹಾಡು ಬಿಡುಗಡೆಯಾದದ್ದಾಗಲಿ, ಓಡುತ್ತಿರುವುದಾಗಲಿ ಕಿಟ್ಟಿಯ ಗಮನಕ್ಕೇ ಬಂದಿರಲಿಲ್ಲವಂತೆ. ಪ್ರಸಿದ್ಧ ಗಾಯಕ ಹ್ಯಾಂಕ್ ವಿಲಿಯಮ್ಸ್‌ನ ಹೆಂಡತಿ ಆಡ್ರಿ ಅಲಬಾಮಕ್ಕೆ ಹೋಗಿ ಬಂದವಳು, ದಾರಿಯುದ್ದಕ್ಕೂ ರೇಡಿಯೊದಲ್ಲಿ ನಿನ್ನ ಹಾಡೇ ಬರುತ್ತಿತ್ತು ಎಂದು ಹೇಳಿದ ಮೇಲೆಯೇ ತಿಳಿದದ್ದು ಎಂಬ ಕತೆಯಿದೆ. ಮೊದಲ ಬಿಡುಗಡೆಯಲ್ಲೇ 8 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಕಂಟ್ರಿ ಪಟ್ಟಿಯಲ್ಲಿ ಆರು ವಾರ ಅಗ್ರಸ್ಥಾನ. ಪೇಟೆಯ ಜನ ಕೇಳುವ ಪಾಪ್ ಹಾಡುಗಳ ಪಟ್ಟಿಯಲ್ಲೂ 27ನೆಯ ಸ್ಥಾನದವರೆಗೆ ಹೋಯಿತು. ಜ್ಯೂಕ್‌ಬಾಕ್ಸ್ ಇದ್ದಲ್ಲೆಲ್ಲ ಆ ಬೇಸಿಗೆಯಲ್ಲಿ ಗಂಡಿನ ದೂರೂ ಹೆಣ್ಣಿನ ಜವಾಬೂ ಅಕ್ಕಪಕ್ಕದಲ್ಲೇ ಸಿಗುತ್ತಿದ್ದವು. ಯಾವುದಕ್ಕೆ ನಾಣ್ಯ ಹಾಕಬೇಕೆಂಬುದು ಕೇಳುಗರ ಇಷ್ಟ.

ಗಾನಮುದ್ರಿಕೆ ಕಂಪೆನಿಗಳಲ್ಲಿ ಅದುವರೆಗೆ ಒಂದು ನಂಬಿಕೆ ಬೇರೂರಿತ್ತು. ಕಂಟ್ರಿ ಹಾಡಿನ ತಟ್ಟೆ ಕೊಳ್ಳುವವರು ಹೆಂಗಸರು, ಅವರು ಗಂಡಸಿನ ಹಾಡನ್ನು ಕೊಳ್ಳುತ್ತಾರೆಯೇ ಹೊರತು ಹೆಂಗಸಿನ ಹಾಡನ್ನಲ್ಲ ಎಂದು. ಪ್ಯಾಟ್ಸಿ ಮಾಂಟಾನ ಎಂಬಾಕೆ 1935ರಲ್ಲೇ ದೊಡ್ಡ ಹಿಟ್ ಕೊಟ್ಟಿದ್ದಳು, ನಿಜ. ಆದರೆ ಕುದುರೆ ಸವಾರನ ಪ್ರೇಯಸಿಯಾಗಬೇಕೆಂಬ ಕನಸಿನ ಹಾಡು ಅದು. ಯಾರನ್ನೂ ಕೆಣಕಿರಲಿಲ್ಲ. ಕಿಟ್ಟಿಯ ಹಾಡನ್ನು ಕೊಂಡ ಹೆಂಗಸರಿಗೆ ಅದರಲ್ಲಿ ಏನು ಕೇಳಿಸಿತೆಂದು ಆಗ ಯಾವ ಪತ್ರಿಕೆಯೂ ಹೋಗಿ ವಿಚಾರಿಸಲಿಲ್ಲ. 8 ಲಕ್ಷ ಪ್ರತಿ ಎಂಬ ಲೆಕ್ಕವೇ ಸಿಗುವ ಉತ್ತರ.

ನಿಷೇಧ

ಎನ್‌ಬಿಸಿ ರೇಡಿಯೊ ಜಾಲ ಈ ಹಾಡು ಅಶ್ಲೀಲ ಸೂಚನೆಯುಳ್ಳದ್ದೆಂದು ಅದನ್ನು ಪ್ರಸಾರ ಮಾಡದಿರಲು ನಿರ್ಧರಿಸಿತು. 'ಗ್ರ್ಯಾಂಡ್ ಓಲ್ ಆಪ್ರಿ'ಯ ಒಂದು ಭಾಗ ಎನ್‌ಬಿಸಿ ಮೂಲಕ ದೇಶವಿಡೀ ಪ್ರಸಾರವಾಗುತ್ತಿತ್ತು. ಹೀಗಾಗಿ ಆ ವೇದಿಕೆಯಲ್ಲೂ ಕೆಲಕಾಲ ಹಾಡಿಗೆ ತಡೆ ಬಿತ್ತು. ದೇಶದ ನಂಬರ್ ಒನ್ ಹಾಡು ಕೈಯಲ್ಲಿದೆ, ಹಾಡುವಂತಿಲ್ಲ! ಇದೇ ಸಮಯದಲ್ಲಿ ಥಾಂಪ್ಸನ್ನನ ಹಾಡಿಗೆ ಯಾವ ಅಡ್ಡಿಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಅದೇ ಮದ್ಯದಂಗಡಿ, ಅದೇ ಮುರಿದ ದಾಂಪತ್ಯ, ಅದೇ ಮಟ್ಟು. ಹೆಂಡತಿ ಕೆಟ್ಟವಳೆಂದು ಗಂಡ ಹೇಳಿದರೆ ಅದು ದುಃಖದ ಹಾಡು. ಗಂಡ ಕೆಟ್ಟವನೆಂದು ಹೆಂಡತಿ ಹೇಳಿದರೆ ಅದು ಅಶ್ಲೀಲ!

ಹಾಡಿದವಳು ಬೇರೆ ಯಾರಾದರೂ ಆಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಹಾಡಿದವಳು ಕತ್ತಿನವರೆಗೆ ಮುಚ್ಚಿದ, ಚೌಕಳಿ ಹತ್ತಿಬಟ್ಟೆಯ ಉದ್ದ ಲಂಗ ತೊಟ್ಟು, ಕೈಕಟ್ಟಿ ನಿಂತು, ಕಣ್ಣು ಕೂಡ ಅಷ್ಟಾಗಿ ಎತ್ತದೆ ಹಾಡುವ ಗೃಹಿಣಿ. ಪಕ್ಕದಲ್ಲಿ ಗಂಡ. ಮೇಳದ ವ್ಯಾನಿನ ಹಿಂದಿನ ಸೀಟಿನಲ್ಲಿ ಮಕ್ಕಳು. ಈಕೆಯನ್ನು ನಡತೆಗೆಟ್ಟವಳೆಂದು ಹೇಳಲು ಯಾರಿಗೂ ನಾಲಿಗೆ ಹೊರಳದು. 1954ರಲ್ಲಿ ಟೆನೆಸಿಯ ಗವರ್ನರ್ ಫ್ರಾಂಕ್ ಕ್ಲೆಮೆಂಟ್ ಆಕೆಯನ್ನು ದಕ್ಷಿಣದ ಹೆಣ್ಣುತನದ ಶ್ರೇಷ್ಠ ಪರಂಪರೆಗೆ ತಕ್ಕ ಪತ್ನಿ, ತಕ್ಕ ತಾಯಿ ಎಂದು ಕೊಂಡಾಡಿದರು. ಮದ್ಯದಂಗಡಿಯ ಹೆಂಗಸಿನ ಪರ ವಾದಿಸಿ ಗೆದ್ದ ವಕೀಲೆಗೆ ಸಿಕ್ಕ ಪ್ರಶಸ್ತಿ ಪತ್ರ ಇದು!

ಕಿಟ್ಟಿಗೆ ತಾನೊಂದು ಬಂಡಾಯದ ಬಾವುಟ ಹಾರಿಸಿದೆನೆಂಬ ಭಾವನೆ ಎಂದೂ ಇದ್ದಂತೆ ಕಾಣದು. ಹಾಡು ಬರೆದವನೂ ಗಂಡಸು, ಹಾಡಿಸಿದವನೂ ಗಂಡಸು, ಹೆಸರಿಟ್ಟವನು ಗಂಡ. ಇದನ್ನು ಮುಂದಿಟ್ಟು ಹಾಡಿನ ಮಹತ್ವವನ್ನು ಕಡಿಮೆ ಮಾಡುವ ವಿಮರ್ಶಕರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹಾಡು ಹೆಣ್ಣನ್ನು ಕೊನೆಗೂ ಗಂಡಸಿನ ಕೈಯಲ್ಲಿ ಕೆಟ್ಟವಳಾಗಿಯೇ ಚಿತ್ರಿಸುತ್ತದೆ. ಆಕೆ ಶನಿವಾರ ಸಂಜೆ ತನ್ನ ಖುಷಿಗೆ ಅಲ್ಲಿಗೆ ಬಂದಿರಬಹುದೆಂಬ ಯೋಚನೆ ಅದಕ್ಕೆ ಬರುವುದಿಲ್ಲ. ಆದರೆ ಯಾವ ಹಾಡು ಯಾರ ಕಿವಿಯಲ್ಲಿ ಏನಾಗುತ್ತದೆಂಬುದು ಬರೆದವನ ಕೈಯಲ್ಲಿಲ್ಲ.

ಬರೆದವನ ವಿಷಯ ಬಂದಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ಇದೇ ಜೆ.ಡಿ. ಮಿಲ್ಲರ್ ಮುಂದೆ ಕ್ರೌಲಿಯ ತನ್ನ ಸ್ಟುಡಿಯೊದಲ್ಲಿ ಸ್ಲಿಮ್ ಹಾರ್ಪೊ, ಲೈಟ್‌ನಿನ್ ಸ್ಲಿಮ್ ಮೊದಲಾದ ಕರಿಯ ಕಲಾವಿದರ ಅಮೂಲ್ಯ ಬ್ಲೂಸ್ ಹಾಡುಗಳನ್ನು ಮುದ್ರಿಸಿದ. 1960ರ ದಶಕದಲ್ಲಿ ಅದೇ ಮನುಷ್ಯ 'ರೆಬ್ ರೆಬೆಲ್' ಎಂಬ ಲೇಬಲ್ಲಿನಲ್ಲಿ ಕರಿಯರನ್ನು ಹೀನಾಯವಾಗಿ ನಿಂದಿಸುವ ಹಾಡುಗಳನ್ನೂ ಹೊರತಂದ. ಹೆಣ್ಣಿಗೆ ನ್ಯಾಯ ಕೇಳಿದ ಲೇಖನಿ ಇನ್ನೊಬ್ಬರ ನ್ಯಾಯದ ಹೋರಾಟವನ್ನು ಲೇವಡಿ ಮಾಡಿ ಕಾಸು ಎಣಿಸಿತು. ಆತ 1996ರಲ್ಲಿ ತೀರಿಕೊಂಡ.

ಬಾಗಿಲು ತೆರೆದ ಮೇಲೆ

ರಾಯ್ ಏಕಫ್ ಆಗ ಕಂಟ್ರಿ ಸಂಗೀತದ ಅರಸನೆನಿಸಿಕೊಂಡಿದ್ದ ಹಿರಿಯ. ಹೆಂಗಸಿನ ಹೆಸರನ್ನು ಮೊದಲು ಹಾಕಿ ಪ್ರದರ್ಶನ ನಡೆಸಬೇಡ, ಜನ ಬರುವುದಿಲ್ಲ ಎಂದು ಆತ ಜಾನಿ ರೈಟ್‌ಗೆ ಬುದ್ಧಿ ಹೇಳಿದ್ದನೆಂದು ಕಂಟ್ರಿ ವಲಯದಲ್ಲಿ ಪದೇಪದೇ ಹೇಳುತ್ತಾರೆ. ಈ ಹಿರಿಯನ ಭಕ್ತಿಗೀತೆಯ ಮಟ್ಟಿನಲ್ಲೇ ಕಿಟ್ಟಿ ಗೆದ್ದದ್ದು! ಜಾನಿ ಆ ಬುದ್ಧಿಮಾತು ಕೇಳಲಿಲ್ಲ. ಮೇಳದ ಭಿತ್ತಿಪತ್ರದಲ್ಲಿ ಕಿಟ್ಟಿಯ ಹೆಸರು ಮೇಲಕ್ಕೆ ಬಂತು. ಹೆಂಡತಿ ತನ್ನನ್ನು ಮೀರಿದಳೆಂದು ಮುನಿಸಿಕೊಳ್ಳದೆ, ಆಕೆಗೆ ಗಿಟಾರ್ ಹಿಡಿದುಕೊಟ್ಟು, ದಾರಿ ನೋಡಿ, ಲೆಕ್ಕ ಬರೆದು ಜತೆಗೆ ನಡೆದ ಆ ಮನುಷ್ಯನಿಗೂ ಈ ಕತೆಯಲ್ಲಿ ಪಾಲಿದೆ.

ಕಂಪೆನಿಗಳು ಒಮ್ಮೆಲೇ ಗಾಯಕಿಯರನ್ನು ಹುಡುಕತೊಡಗಿದವು. 1953ರಲ್ಲಿ ಗೋಲ್ಡಿ ಹಿಲ್ ಇನ್ನೊಂದು ಜವಾಬಿನ ಹಾಡಿನಿಂದ ಅಗ್ರಸ್ಥಾನಕ್ಕೆ ಬಂದಳು. ಅದೇ ವರ್ಷ ಕೊರಿಯಾ ಯುದ್ಧದ ಸಿಪಾಯಿಗೆ ಊರಿನಿಂದ ಬಂದ ಒಲ್ಲೆನೆಂಬ ಪತ್ರದ ಹಾಡನ್ನು ಜೀನ್ ಶೆಪರ್ಡ್, ಫರ್ಲಿನ್ ಹಸ್ಕಿಯೊಡನೆ ಹಾಡಿ ಗೆದ್ದಳು. ಹುಡುಗಿ ಜೀನ್‌ಳ ಪ್ರತಿಭೆ ಗುರುತಿಸಿ ಕ್ಯಾಪಿಟಲ್ ಕಂಪೆನಿಗೆ ಶಿಫಾರಸು ಮಾಡಿದವನು ಯಾರು ಗೊತ್ತೆ? ಹ್ಯಾಂಕ್ ಥಾಂಪ್ಸನ್! ಹಾಡಿನಲ್ಲಿ ಎದುರಾಳಿಯಾಗಿದ್ದವನು ಬದುಕಿನಲ್ಲಿ ಹಾಗಿರಲಿಲ್ಲ.

ಕಿಟ್ಟಿಯೂ ಸುಮ್ಮನೆ ಕೂರಲಿಲ್ಲ. ವೆಬ್ ಪಿಯರ್ಸ್‌ನ 'ಬ್ಯಾಕ್ ಸ್ಟ್ರೀಟ್ ಅಫೇರ್'ಗೆ ಜವಾಬು ಹಾಡಿದಳು. 1954ರಲ್ಲಿ ರೆಡ್ ಫೋಲಿಯ ಜತೆ ಹಾಡಿದ 'ಒನ್ ಬೈ ಒನ್' ಮೊದಲ ಸ್ಥಾನಕ್ಕೆ ಹೋಯಿತು. 1955ರ 'ಮೇಕಿಂಗ್ ಬಿಲೀವ್' ಎರಡನೆಯ ಸ್ಥಾನದವರೆಗೆ ಬಂತು. ಹಲವರ ಪ್ರಕಾರ ಆಕೆಯ ಅತ್ಯುತ್ತಮ ಹಾಡು ಅದೇ. 1959ರಲ್ಲಿ ಡೆಕ್ಕಾ ಆಕೆಯೊಡನೆ ಜೀವಮಾನದ ಒಪ್ಪಂದ ಮಾಡಿಕೊಂಡಿತು. 125 ಡಾಲರಿನ ಒಂದು ಮಧ್ಯಾಹ್ನದ ಕೆಲಸಕ್ಕೆಂದು ಬಂದವಳಿಗೆ ಇದು ಸಿಕ್ಕಿದ್ದು ಏಳೇ ವರ್ಷಗಳಲ್ಲಿ.

ಆ ಹಾಡನ್ನು ಕೇಳಿ ಬೆಳೆದವರ ಪೈಕಿ ಕೆಂಟಕಿಯ ಕಲ್ಲಿದ್ದಲ ಗಣಿಗಾರನ ಮಗಳೊಬ್ಬಳಿದ್ದಳು. ಹದಿಹರೆಯದಲ್ಲೇ ಮದುವೆಯಾಗಿ, ದೂರದ ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳ ಬಟ್ಟೆ ಒಗೆಯುತ್ತ ಕಿಟ್ಟಿಯ ಹಾಡು ಗುನುಗುತ್ತಿದ್ದ ಲೊರೆಟ ಲಿನ್. 1960ರಲ್ಲಿ ಆಕೆ ಹೊರತಂದ ಮೊದಲ ಹಾಡಿನಲ್ಲೇ ಹಾಂಕಿ ಟಾಂಕಿನ ಹುಡುಗಿ ಇದ್ದಾಳೆ. ಕುಡಿದು ಬರುವ ಗಂಡನಿಗೆ ಲೊರೆಟ ಹಾಡಿನಲ್ಲೇ ಬಾಗಿಲು ಹಾಕಿದಳು. 1975ರಲ್ಲಿ ಗರ್ಭನಿರೋಧಕ ಗುಳಿಗೆಯ ಬಗ್ಗೆ ಹಾಡಿದಾಗ ಹಲವು ರೇಡಿಯೊ ನಿಲಯಗಳು ಅದನ್ನೂ ಬಹಿಷ್ಕರಿಸಿದವು. ಕಿಟ್ಟಿ ತಲೆ ತಗ್ಗಿಸಿ ಹೇಳಿದ್ದನ್ನು ಲೊರೆಟ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು. 1993ರಲ್ಲಿ ಲೊರೆಟ ಲಿನ್, ಡಾಲಿ ಪಾರ್ಟನ್, ಟ್ಯಾಮಿ ವೈನೆಟ್ ಮೂವರೂ ಸೇರಿ 'ಹಾಂಕಿ ಟಾಂಕ್ ಏಂಜಲ್ಸ್' ಎಂಬ ಆಲ್ಬಂ ತಂದರು. ಅದರ ಮೊದಲ ಹಾಡು ಇದೇ. ಹಾಡಲು ನಾಲ್ಕನೆಯವಳಾಗಿ ಕಿಟ್ಟಿ ವೆಲ್ಸ್‌ಳನ್ನೇ ಕರೆಸಿದ್ದರು.

ಗೌರವಗಳೂ ನಿಧಾನವಾಗಿ ಬಂದವು. 1976ರಲ್ಲಿ ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್, 1991ರಲ್ಲಿ ಗ್ರ್ಯಾಮಿ ಜೀವಮಾನ ಸಾಧನೆ ಪ್ರಶಸ್ತಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಶಾಶ್ವತವಾಗಿ ಕಾಪಾಡಬೇಕಾದ ಧ್ವನಿಮುದ್ರಣಗಳ 2007ರ ಪಟ್ಟಿಗೆ ಈ ಹಾಡನ್ನು ಸೇರಿಸಿತು. ಅದೇ ವರ್ಷ ನವೆಂಬರಿನಲ್ಲಿ ಹ್ಯಾಂಕ್ ಥಾಂಪ್ಸನ್ ತೀರಿಕೊಂಡ. ಕಿಟ್ಟಿ ಮತ್ತು ಜಾನಿ 2000ದ ಡಿಸೆಂಬರ್ 31ರಂದು ನ್ಯಾಶ್‌ವಿಲ್‌ನಲ್ಲಿ ಕೊನೆಯ ಪ್ರದರ್ಶನ ಕೊಟ್ಟು ವೇದಿಕೆಯಿಂದ ಇಳಿದಿದ್ದರು. 2011ರ ಸೆಪ್ಟೆಂಬರಿನಲ್ಲಿ ಜಾನಿ ಹೋದ. ಆಗ ಅವರ ಮದುವೆಗೆ 74 ವರ್ಷ ತುಂಬಲು ಒಂದು ತಿಂಗಳು ಬಾಕಿ. ಮರುವರ್ಷದ ಜುಲೈ 16ರಂದು ಕಿಟ್ಟಿ, 92ನೆಯ ವಯಸ್ಸಿನಲ್ಲಿ.

ಇಷ್ಟರ ನಡುವೆ 1981ರಲ್ಲಿ ಒಂದು ತಮಾಷೆ ನಡೆದಿತ್ತು. ಗಾಯಕ ವೇಲನ್ ಜೆನ್ನಿಂಗ್ಸ್, ಆತನ ಹೆಂಡತಿ ಜೆಸ್ಸಿ ಕೋಲ್ಟರ್ ಇಬ್ಬರೂ ಕೂಡಿ ಥಾಂಪ್ಸನ್ನನ ದೂರನ್ನೂ ಕಿಟ್ಟಿಯ ಜವಾಬನ್ನೂ ಒಂದೇ ಹಾಡಾಗಿ ಹೆಣೆದು ಹಾಡಿದರು. ಅದೂ ಕಂಟ್ರಿ ಪಟ್ಟಿಯ ಮೊದಲ ಹತ್ತರಲ್ಲಿ ಬಂತು. ಹೆಣೆಯಲು ಕಷ್ಟವೇನಿರಲಿಲ್ಲ. ಮೊದಲು ಗಂಡ ತನ್ನ ಗೋಳು ಹೇಳುತ್ತಾನೆ, ಆಮೇಲೆ ಹೆಂಡತಿ ತನ್ನದು. ವಾದ್ಯದವರು ಮಟ್ಟನ್ನೂ ಬದಲಿಸಬೇಕಾಗಿಲ್ಲ.